ಐದರ ಬೆನ್ನಿಗೊಂದು ಪೊಳ್ಳು

ನಮ್ಮೂರಿನಲ್ಲಿ ಯಾರ ಮನೆಯ ಬಾಗಿಲನ್ನೇ ಆಗಲಿ, ಐದು ಸಲ ತಟ್ಟಿದ ಮೇಲೆ ಒಮ್ಮೆ ಪಕ್ಕದ ಗೋಡೆಯನ್ನು ಅಂಗೈಯಿಂದ ಬಡಿಯಬೇಕು. ಆಮೇಲೂ ತೆರೆಯದಿದ್ದರೆ ಮತ್ತೆ ಐದು ಸಲ ತಟ್ಟಬಹುದು. ತಾಯಂದಿರು ಬೀದಿಯಲ್ಲಿ ಆಡುವ ಮಕ್ಕಳನ್ನು ಐದು ಸಲ ಕೂಗಿ ಒಂದು ಸಲ ಕೆಮ್ಮುತ್ತಾರೆ. ಕಮ್ಮಾರ ಈರಾಚಾರಿ ಕಾದ ಕಬ್ಬಿಣಕ್ಕೆ ಐದು ಏಟು ಹಾಕಿ, ಆರನೆಯದನ್ನು ಪಕ್ಕದ ಮರದ ದಿಮ್ಮಿಗೆ ಹಾಕುತ್ತಾನೆ. ಆ ಗೋಡೆಯ ಬಡಿತಕ್ಕೆ, ಆ ಕೆಮ್ಮಿಗೆ, ಆ ದಿಮ್ಮಿಯ ಏಟಿಗೆ ನಾವು ಪೊಳ್ಳು ಎನ್ನುತ್ತೇವೆ. ಪೊಳ್ಳನ್ನು ಯಾರೂ ಎಣಿಸುವುದಿಲ್ಲ. ಎಷ್ಟು ತಲೆಮಾರಿನಿಂದ ಹೀಗೆ ನಡೆದಿದೆಯೆಂದರೆ, ಈಗ ನಮ್ಮ ಕಿವಿಗೆ ಅದು ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ.

ಇದೆಲ್ಲ ಬಂದದ್ದು ಕಮರಿಯ ಮಬ್ಬಿನಿಂದ. ಊರಿನ ಪಡುವಣಕ್ಕೆ ಕಮರಿ, ಅದರ ತುಂಬ ಬೇಸಿಗೆಯಲ್ಲೂ ಕರಗದ ಮಬ್ಬು, ಅದರಾಚೆಗೆ ಇನ್ನೊಂದು ಊರು. ಆಚೆಯವರ ಮುಖವನ್ನು ನಾವು ಕಂಡಿಲ್ಲ, ನಮ್ಮ ಮುಖವನ್ನು ಅವರು ಕಂಡಿಲ್ಲ. ಹಗ್ಗದ ಮೇಲೆ ಓಡಾಡುವ ಒಂದು ಬುಟ್ಟಿಯಲ್ಲಿ ಉಪ್ಪು, ಎಣ್ಣೆ, ಬಟ್ಟೆ ಹೋಗಿಬರುತ್ತವೆ. ಆದರೆ ಚೀಟಿ ಬರೆದಿಟ್ಟರೆ ಆಚೆ ಮುಟ್ಟುವಷ್ಟರಲ್ಲಿ ಬಿಳಿ ಹಾಳೆಯಾಗಿರುತ್ತದೆ. ಕೂಗಿದರೆ ಕೂಗು ಅರ್ಧದಲ್ಲೇ ಇಂಗಿಹೋಗುತ್ತದೆ. ಮಬ್ಬು ದಾಟಲು ಬಿಡುವುದು ಎರಡೇ ಸದ್ದುಗಳನ್ನು. ಒಂದು ಕಂಚಿನ ಗಂಟೆಯ ಟಣ್, ಇನ್ನೊಂದು ಹಲಸಿನ ಕೊರಡಿನ ಟಕ್. ಊರಿನ ಸುದ್ದಿಯೆಲ್ಲ ಈ ಎರಡರಲ್ಲೇ ಹೋಗಬೇಕು. ಅಕ್ಷರಕ್ಕೊಂದು ಸಾಲು, ಅಂಕಿಗೊಂದು ಸಾಲು.

ಅದಕ್ಕೂ ಸುಮ್ಮನೆ ದಾರಿ ಸಿಗುವುದಿಲ್ಲ. ಮೊದಲು ಒಂದು ಟಕ್, ಬಿಡದೆ ಆರು ಟಣ್, ಮತ್ತೊಂದು ಟಕ್ ಬಾರಿಸಿದರೆ ಮಬ್ಬು ಬಾಗಿಲು ತೆರೆಯುತ್ತದೆ. ಮುಗಿದ ಮೇಲೆ ಅದನ್ನೇ ಬಾರಿಸಿದರೆ ಮುಚ್ಚುತ್ತದೆ. ಒಮ್ಮೆ ಮುಚ್ಚಿತೋ, ಆ ಸುದ್ದಿ ಕಳಿಸಿದ ದಡದವರಿಗೆ ಹೊತ್ತು ಇಳಿಯುವ ತನಕ ಎಷ್ಟು ಬಡಿದುಕೊಂಡರೂ ತೆರೆಯುವುದಿಲ್ಲ. ಹಾಗಾಗಿ ಸುದ್ದಿಯ ಒಳಗೆ ಎಲ್ಲಿಯೂ ಆರು ಟಣ್ ಒಟ್ಟಿಗೆ ಬರಬಾರದು. ಬಂದರೆ ಮಬ್ಬು ಮಾತು ಮುಗಿಯಿತೆಂದುಕೊಂಡು ಕದ ಹಾಕಿಕೊಳ್ಳುತ್ತದೆ. ಹಾಗೆಂದು ಹೆಸರುಗಳನ್ನು ಬದಲಾಯಿಸಲಾಗುತ್ತದೆಯೇ? ಯಾರೋ ಹಿರಿಯರು ಉಪಾಯ ಹುಡುಕಿದರು. ಐದು ಟಣ್ ಒಟ್ಟಿಗೆ ಬಂದ ಕೂಡಲೇ, ಮುಂದೆ ಏನೇ ಇರಲಿ, ಒಂದು ಪೊಳ್ಳು ಟಕ್ ಹಾಕು. ಕೇಳುವವನು ಐದು ಟಣ್ ಬೆನ್ನಿಗೆ ಬಂದ ಟಕ್ಕನ್ನು ಕಣ್ಣು ಮುಚ್ಚಿ ಎತ್ತಿ ಎಸೆಯಲಿ. ಅಷ್ಟೇ. ಯಾವುದು ನಿಜ, ಯಾವುದು ಪೊಳ್ಳು ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಈ ವಯಸ್ಸಿನಲ್ಲೂ ಇದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಆ ಪುಣ್ಯಾತ್ಮರ ಹೆಸರು ಕೂಡ ಊರಿನಲ್ಲಿ ಉಳಿದಿಲ್ಲ.

ನನ್ನ ಹೆಸರು ಸಾಕಮ್ಮ. ಕಮರಿಯ ಅಂಚಿನ ಗಂಟೆಕಟ್ಟೆಯಲ್ಲಿ ಬಾರಿಸುವ ಕೊಡತಿ ಹಿಡಿದ ಮೊದಲ ಹೆಂಗಸು ನಾನೇ. ಅದಕ್ಕೆ ಒಂಬತ್ತು ವರ್ಷ ಸೋದರಮಾವ ಕಾಳಿಂಗಯ್ಯನ ಬಾಲ ಹಿಡಿದು ಅಲೆದಿದ್ದೇನೆ. ಗಂಟೆ ಬಾರಿಸುವುದು ಅವನ ಕೆಲಸವಾಗಿತ್ತು. ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋದ ಮೇಲೆ ಬೇರೆ ದಾರಿಯಿಲ್ಲದೆ ನನಗೆ ಕೊಟ್ಟ. ಕೊಟ್ಟ ಮೇಲೆ ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು ನೋಡಿ, ಅಷ್ಟು ಚುರುಕಾಗಿತ್ತು ನನ್ನ ಕೈ. ಕವಡೆ ಅಂದರೆ ಟಣ್, ಹುಣಸೆ ಬೀಜ ಅಂದರೆ ಟಕ್. ಸುದ್ದಿಯನ್ನು ಹಲಗೆಯ ಮೇಲೆ ಹೀಗೆ ಜೋಡಿಸಿಟ್ಟುಕೊಂಡು ಬಾರಿಸುತ್ತ ಹೋಗುವುದು ನಮ್ಮ ಕ್ರಮ. ಪೊಳ್ಳನ್ನು ಹಲಗೆಯ ಮೇಲೆ ಇಡುವುದಿಲ್ಲ. ಅದನ್ನು ಕೈಯೇ ಹಾಕಿಕೊಳ್ಳಬೇಕು, ಮಾತಿನ ನಡುವೆ ಉಸಿರು ಎಳೆದುಕೊಂಡ ಹಾಗೆ. ನನಗೆ ಜಂಬ ಇತ್ತು, ಇಲ್ಲವೆನ್ನುವುದಿಲ್ಲ.

ಆ ಜಂಬಕ್ಕೆ ಮೊದಲು ಪೆಟ್ಟು ಹಾಕಿದವಳು ಈರಾಚಾರಿಯ ಹೆಂಡತಿ ಮೋನವ್ವ. ಅವಳು ದೂರದ ಬಯಲುಸೀಮೆಯಿಂದ ಮದುವೆಯಾಗಿ ಬಂದವಳು. ಮಬ್ಬೂ ಗೊತ್ತಿಲ್ಲ, ಪೊಳ್ಳೂ ಗೊತ್ತಿಲ್ಲ. ಬಂದ ವಾರದಲ್ಲೇ ಗಂಡನ ಜೊತೆ ನಿಂತು, ಕಾದ ನೇಗಿಲ ಕುಳಕ್ಕೆ ಒಂದೇ ಸಮನೆ ಆರು ಏಟು ಬಡಿದಳು. ಆ ಹೊತ್ತಿಗೆ ಸರಿಯಾಗಿ ಆಚೆಯಿಂದ ಸುದ್ದಿ ಬರುತ್ತಿತ್ತು. ಕುಲುಮೆ ಇರುವುದು ಕಟ್ಟೆಯ ಹಿಂದೆಯೇ, ಅವಳ ಏಟಿನ ಸದ್ದು ಕಂಚಿಗಿಂತ ಕಡಿಮೆಯಿರಲಿಲ್ಲ. ಆರನೆಯ ಏಟಿಗೆ ಮಬ್ಬು ಮುಚ್ಚಿತು. 'ಹತ್ತು ಸೇರು' ಎನ್ನುವವರೆಗೆ ಬಂದಿದ್ದ ಸುದ್ದಿ ಅಲ್ಲಿಗೇ ನಿಂತಿತು. ಏನೆಂದು ತಿಳಿಯದೆ ನಾವು ಹತ್ತು ಸೇರು ಬೆಲ್ಲ ಕಳಿಸಿದೆವು. ಅವರು ಕೇಳಿದ್ದು ಸುಣ್ಣ. ನಾನು ಕುಲುಮೆಗೇ ಹೋಗಿ ಅವಳನ್ನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಅವತ್ತೇ ಆರನೆಯ ಏಟನ್ನು ದಿಮ್ಮಿಗೆ ಹಾಕುವುದನ್ನು ಕಲಿತಳು. ಆದರೆ ಅವಳ ಕಿವಿ ಮಾತ್ರ ನಮ್ಮದಾಗಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಗೋಡೆಯ ಬಡಿತವನ್ನೂ ಸೇರಿಸಿ, "ಆರು ಸಲ ಬಡದ್ರಿ, ಏನ್ ಬೇಕಿತ್ರಿ?" ಎಂದು ಕೇಳುತ್ತಿದ್ದಳು. ಪೊಳ್ಳು ಎಣಿಸುವ ಮೋನವ್ವ ಎಂದು ಊರು ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಒಂದು ದಿನ ಬೆಳಿಗ್ಗೆ ಆಚೆಯಿಂದ ಸುದ್ದಿ ಬಂತು. ನೀಲಿ ಎಂಬ ಐದು ವರ್ಷದ ಮಗುವಿಗೆ ನಾಲ್ಕು ದಿನದಿಂದ ಜ್ವರ, ಈಗ ಕೈಕಾಲು ಸೆಳೆಯುತ್ತಿದೆ, ನಿನ್ನೆ ಬುಟ್ಟಿಯಲ್ಲಿ ನೀವು ಕಳಿಸಿದ ಔಷಧಿ ಮುಟ್ಟಿದೆ, ಎಷ್ಟು ಹನಿ ಕೊಡಬೇಕು? ಆ ಔಷಧಿ ಕೊಟ್ಟಿದ್ದ ವೀರಭದ್ರ ಪಂಡಿತರು ಪಂಚೆ ಎತ್ತಿಕಟ್ಟಿಕೊಂಡು ಕಟ್ಟೆಗೆ ಓಡಿ ಬಂದರು.

"ಏಳು ಹನಿ ಕಣಮ್ಮ, ಏಳು. ಬೇಗ ಹೊಡಿ. ಎಂಟಾದ್ರೂ ಮಗು ತಡ್ಕೊಳ್ತದೆ. ಹತ್ತು ದಾಟ್ತೋ, ಮಲಗಿದ ಮಗು ಮತ್ತೆ ಏಳಲ್ಲ."

ನಾನು ಹಲಗೆ ಜೋಡಿಸಿದೆ. ಮೊದಲು ಮಗುವಿನ ಹೆಸರು, ಅದರ ಬೆನ್ನಿಗೆ ಹನಿಯ ಲೆಕ್ಕ, ಕೊನೆಗೆ ಮಾತು ಮುಗಿಯಿತು ಎನ್ನುವ ಟಕ್‌ಗಳ ಸಾಲು. ನೀಲಿ ಎನ್ನುವ ಹೆಸರು ಕೊನೆಯಾಗುವುದು ಐದು ಕವಡೆ, ಒಂದು ಬೀಜದಿಂದ. ಅಂಕಿಗೆ ನಾಲ್ಕು ಮನೆ, ಅವುಗಳ ಬೆಲೆ ಎಂಟು, ನಾಲ್ಕು, ಎರಡು, ಒಂದು, ಕವಡೆ ಕೂತ ಮನೆಯದಷ್ಟೇ ಲೆಕ್ಕಕ್ಕೆ. ಹಾಗಾಗಿ ಏಳು ಎನ್ನುವುದು ಒಂದು ಬೀಜ, ಮೂರು ಕವಡೆ. ಕಟ್ಟೆಯ ಸುತ್ತ ಜನ ಸೇರಿದ್ದರು. ಮಾವ ಕಾಳಿಂಗಯ್ಯ ಬಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಂಬಕ್ಕೆ ಒರಗಿದ್ದ. ಬುಟ್ಟಿಯ ಕೊಕ್ಕೆ ರಿಪೇರಿ ಮಾಡಿ ತಂದಿದ್ದ ಮೋನವ್ವ ಮೆಟ್ಟಿಲ ಮೇಲೆ ನಿಂತಿದ್ದಳು. ನಾನು ಆರು ಟಣ್ ಬಾರಿಸಿ ಬಾಗಿಲು ತೆರೆಸಿದೆ. "ಬೇಗ, ಬೇಗ" ಎಂದು ಪಂಡಿತರು ಬೆನ್ನ ಹಿಂದೆ ಜಪ ಮಾಡುತ್ತಿದ್ದರು. ನನ್ನ ಕೈ ಓಡಿತು.

ಮೂರು ಟಣ್ ಬಾರಿಸಿ, ಟಕ್‌ಗಳ ಸಾಲನ್ನೂ ಮುಗಿಸಿ, ಇನ್ನು ಬಾಗಿಲು ಮುಚ್ಚಬೇಕು ಎನ್ನುವಾಗ ಒಂದು ಅನುಮಾನ ಕುಟುಕಿತು. ಪೊಳ್ಳು ಹಾಕಿದಾಗಲೆಲ್ಲ ನಾನು ಒಂದು ಉಸಿರು ಎಳೆದುಕೊಳ್ಳುತ್ತಿದ್ದೆ. ಈ ಸಲ ಹೆಸರಿನ ಕೊನೆಯಲ್ಲಿ ಎಳೆದುಕೊಂಡ ನೆನಪಿಲ್ಲ. ಐದು ಕವಡೆಯಾದ ಮೇಲೆ ಹಲಗೆಯಲ್ಲಿ ಹೇಗೂ ಬೀಜ ಇತ್ತಲ್ಲ. ಅದನ್ನು ಕಂಡು ಕೈ ಒಂದೇ ಟಕ್ ಬಾರಿಸಿ ಮುಂದೆ ಹೋಯಿತೇ? ಅಥವಾ ಪೊಳ್ಳನ್ನೂ ಹಾಕಿ, ಬೀಜದ್ದನ್ನೂ ಬಾರಿಸಿದೆನೇ? ಕಲಿಯುವ ಮಕ್ಕಳೆಲ್ಲ ಮೊದಲ ದಿನ ಮಾಡುವ ತಪ್ಪು ಇದು. ಟಕ್ ಅಲ್ಲೇ ಇದೆಯಲ್ಲ, ಇನ್ನೊಂದು ಯಾಕೆ ಎಂದು ಬಿಟ್ಟುಬಿಡುತ್ತಾರೆ. ಬಿಟ್ಟರೆ ಆಚೆ ಕೇಳುವವನು ನಿಜವಾದ ಟಕ್ಕನ್ನೇ ಪೊಳ್ಳೆಂದು ಎಸೆಯುತ್ತಾನೆ. ಹಿಂದಿನದೆಲ್ಲ ಒಂದೊಂದು ಮನೆ ಮುಂದಕ್ಕೆ ಸರಿಯುತ್ತದೆ. ಏಳರ ಬೀಜ ಹೆಸರಿಗೆ ಸೇರಿಕೊಳ್ಳುತ್ತದೆ, ಹೆಸರು ನೀಲಿ ಎಂದೇ ಉಳಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ನಮ್ಮ ಲೆಕ್ಕದಲ್ಲಿ ಅಂಕಿ ಒಂದು ಮನೆ ಮುಂದೆ ಸರಿದರೆ ಎರಡರಷ್ಟಾಗುತ್ತದೆ. ಮೂರು ಕವಡೆಯ ಹಿಂದೆ ಕೊನೆಯ ಸಾಲಿನ ಒಂದು ಟಕ್ ಸೇರಿಕೊಂಡು ಏಳು ಹದಿನಾಲ್ಕಾಗುತ್ತದೆ.

ನಾನು ಕೊಡತಿ ಎತ್ತಿದವಳು ಹಾಗೇ ನಿಂತೆ. ಸುದ್ದಿಯ ನಡುವೆ ಹನ್ನೆರಡು ಉಸಿರಿನ ತನಕ ಸುಮ್ಮನಿರಬಹುದು. ಆಮೇಲೆ ಮಬ್ಬು ತಾನಾಗಿಯೇ ಮುಚ್ಚಿಕೊಂಡು, ಹೋದದ್ದೇ ಸುದ್ದಿ ಎಂದಾಗುತ್ತದೆ.

"ಮಾವ, ನೀಲಿ ಆದ್ಮೇಲೆ ಪೊಳ್ಳು ಬಿತ್ತಾ?"

ಅವನು ಕಂಬ ಬಿಟ್ಟು ಮುಂದೆ ಬಾಗಿದ. "ನಂಗೇನೇ ಕೇಳ್ತದೆ ಪೊಳ್ಳು? ಐವತ್ತು ವರ್ಷದಿಂದ ಬಿಟ್ಟಾಕಿರೋ ಕಿವಿ ಇದು."

"ಸರಿಯಾಗೇ ಇತ್ತಮ್ಮ, ಏಳು ಅಂತಾನೇ ಕೇಳ್ತು" ಎಂದರು ಪಂಡಿತರು. ಏಳು ಎಂದು ಮೊದಲೇ ಗೊತ್ತಿದ್ದವರಿಗೆ ಏಳೆಂದೇ ಕೇಳದೆ ಇನ್ನೇನು? ಜನರತ್ತ ತಿರುಗಿದೆ. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಐದು ಟಣ್ ಬೆನ್ನಿಗೆ ಎಷ್ಟು ಟಕ್ ಬಿತ್ತು ಎಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಅಷ್ಟು ಕಿವಿಗಳಿದ್ದ ಊರು ಆ ಒಂದು ಜಾಗದಲ್ಲಿ ಪೂರ್ತಿ ಕಿವುಡಾಗಿತ್ತು. ನಾಲ್ಕು ಉಸಿರು ಕಳೆದಿತ್ತು.

ಮೆಟ್ಟಿಲ ಮೇಲಿಂದ ಮೋನವ್ವ ಮೆಲ್ಲಗೆ ಹೇಳಿದಳು. "ಎರಡ ಬಿತ್ರಿ ಅಕ್ಕಾರ. ಐದ ಟಣ್, ಆಮ್ಯಾಲೆ ಎರಡ ಟಕ್, ಆಮ್ಯಾಲೆ ಮೂರ ಟಣ್."

ಪಂಡಿತರು ಹಲಗೆಯತ್ತ ಬಗ್ಗಿದರು. ಐದು ಕವಡೆ, ಹೆಸರಿನದೊಂದು ಬೀಜ, ಏಳರದೊಂದು ಬೀಜ, ಮೂರು ಕವಡೆ. "ಹಲಗೇಲೂ ಎರಡೇ ಬೀಜ ಇದೆ! ಸರಿಯಾಗಿದೆ, ಮುಚ್ಚಮ್ಮ ಬಾಗಿಲು!" ಎಂದು ಸಂತೋಷದಿಂದ ಕೂಗಿದರು.

ಹಲಗೆಯಲ್ಲಿ ಎರಡಿದ್ದರೆ ಗಾಳಿಯಲ್ಲಿ ಮೂರು ಇರಬೇಕಿತ್ತು. "ಖಂಡಿತವಾ ಮೋನವ್ವ? ಮೂರಲ್ವಾ?" ಎಂದೆ.

"ಮುಂಚೆ ಎರಡ ಕಡೆ ಐದ ಟಣ್ ಬಂದಾಗ ನೀವು ಟಕ್ ಹಾಕಿ ಉಸಿರು ತಗೊಂಡ್ರಿ. ಇಲ್ಲಿ ತಗೋಲಿಲ್ಲ. ಎರಡ ಅಂದ್ರ ಎರಡರಿ. ನಾ ಯಾಕ ಸುಳ್ಳ ಹೇಳ್ಲಿ?"

ಸುದ್ದಿಯನ್ನು ಕೊಲ್ಲಲು ಒಂದೇ ದಾರಿಯಿತ್ತು. ಏಳು ಟಣ್. ಆರು ಬಿದ್ದರೆ ಬಾಗಿಲು ಮುಚ್ಚುತ್ತದೆ, ಆರರ ಮೇಲೆ ಬಿಡದೆ ಏಳನೆಯದೂ ಬಿದ್ದರೆ ಅಲ್ಲಿಯ ತನಕ ಹೋದದ್ದೆಲ್ಲ ಇಲ್ಲವಾಗಿ, ಬಾಗಿಲು ಹೊಸ ಸುದ್ದಿಗೆ ಕಾದು ತೆರೆದೇ ಇರುತ್ತದೆ. ಆದರೆ ಏಳು ಬಾರಿಸಿದ ಕೈಯನ್ನು ಮಬ್ಬು ಮತ್ತೆ ಗುರುತಿಸುವುದಿಲ್ಲ. ಇದು ಊರಿನವರು ಮಾಡಿದ ಕಟ್ಟಳೆಯಾಗಿದ್ದರೆ ಕಾಲು ಹಿಡಿದು ತಪ್ಪಿಸಿಕೊಳ್ಳಬಹುದಿತ್ತು. ಮಾವನ ಅಜ್ಜ ಒಮ್ಮೆ ಏಳು ಬಾರಿಸಿದ ಮೇಲೆ, ಬದುಕಿರುವ ತನಕ ಬಾರಿಸಿದ ಒಂದೊಂದು ಟಣ್ ಕೂಡ ಕಲ್ಲಿನಂತೆ ಕಮರಿಗೆ ಬಿದ್ದುಹೋಯಿತಂತೆ. ಒಂಬತ್ತು ವರ್ಷ ಕಾದು ಪಡೆದದ್ದು, ಹೆಂಗಸಿನ ಕೈಗೆ ಗಂಟೆಯೇ ಎಂದವರ ಬಾಯಿ ಮುಚ್ಚಿಸಿದ್ದು, ನನಗಿದ್ದ ಒಂದೇ ಒಂದು ಹೆಮ್ಮೆ. ಮೋನವ್ವ ತಪ್ಪಾಗಿ ಎಣಿಸಿದ್ದರೆ? ಪೊಳ್ಳು ಎಣಿಸುವವಳೆಂದು ಊರು ನಗುವ ಹೆಂಗಸಿನ ಮಾತು ನಂಬಿ ಎಲ್ಲವನ್ನೂ ಬಿಡಲೇ? ಅಂಥ ಹೊತ್ತಿನಲ್ಲೂ ಆ ಕೆಟ್ಟ ಯೋಚನೆ ನನಗೆ ಬಂತು, ಮುಚ್ಚಿಡುವುದಿಲ್ಲ. ಆಚೆ ದಡದಲ್ಲಿ ಯಾರೋ ತಾಯಿ ಚಮಚಕ್ಕೆ ಹನಿ ಎಣಿಸುತ್ತಿದ್ದಳು.

"ಸಾಕಿ, ಒಂಬತ್ತಾಯ್ತು" ಎಂದ ಮಾವ. ಅವನು ನನ್ನ ಉಸಿರು ಎಣಿಸುತ್ತಿದ್ದ.

ನಾನು ಬಾರಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಐದಾದ ಕೂಡಲೇ ನನ್ನ ಕೈ ತಾನಾಗಿಯೇ ಕೊರಡಿನ ಕಡೆಗೆ ಹೊರಳಿತು. ಹಲ್ಲು ಕಚ್ಚಿ ಅದನ್ನು ಹಿಂದಕ್ಕೆ ಎಳೆದೆ. ಆರು. ಹೆಂಗಸರು ಕಿವಿ ಮುಚ್ಚಿಕೊಂಡರು, ಯಾರೋ ಅಯ್ಯೋ ಎಂದರು. ಏಳು.

ಮಬ್ಬು ನಡುಗಿತು. ಹುಟ್ಟಿದಾಗಿನಿಂದ ಕದಲದ್ದನ್ನೇ ಕಂಡಿದ್ದ ನಾವು ಅದು ದಡದಿಂದ ದಡಕ್ಕೆ ಒಮ್ಮೆ ನಡುಗಿ ನಿಂತದ್ದನ್ನು ಕಂಡೆವು. ಅದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದೆ ಎಂದು ನನಗೆ ಗೊತ್ತಿತ್ತು, ಆದರೆ ಆವತ್ತು ಮೊದಲ ಸಲ ಅದು ಅನುಭವಕ್ಕೆ ಬಂತು. ಆ ದೊಡ್ಡದರ ಎದುರು ಇಷ್ಟು ದಿನ ಎಷ್ಟು ಸಲೀಸಾಗಿ ಕೈಯಾಡಿಸಿದ್ದೆನಲ್ಲ! ಪರೀಕ್ಷೆಗೆಂದು ಕೊರಡಿಗೆ ಒಂದು ಟಕ್ ಹಾಕಿ ನೋಡಿದೆ. ಸದ್ದು ಕಟ್ಟೆಯ ಅಂಚು ದಾಟಲಿಲ್ಲ, ಕೆಳಗೆ ಬಿದ್ದುಹೋಯಿತು.

"ಈಗ ಯಾರು ಹೊಡೀತಾರೆ?" ಪಂಡಿತರ ದನಿ ಅಳುವಿನಂತಿತ್ತು. "ಕಾಳಿಂಗಯ್ಯನ ಕೈ ಏಳಲ್ಲ, ನಿನ್ ಕೈ ಹೋಯ್ತು. ಆ ಮಗೂಗೆ ಯಾರಮ್ಮ ಹೇಳ್ತಾರೆ?"

ನಾನು ಮೆಟ್ಟಿಲಿಳಿದು ಕೊಡತಿಯನ್ನು ಮೋನವ್ವನ ಕೈಗಿಟ್ಟೆ. ಸುತ್ತಿಗೆ ಎತ್ತಿ ಎತ್ತಿ ಹದವಾದ ಕೈ ಅದು, ಒಂದು ಏಟು ಇನ್ನೊಂದಕ್ಕಿಂತ ಹೆಚ್ಚೂ ಬೀಳದು, ಕಡಿಮೆಯೂ ಬೀಳದು. ಅದಕ್ಕಿಂತ ಹೆಚ್ಚಾಗಿ, ತಾನು ಬಾರಿಸಿದ್ದು ಎಷ್ಟು ಎಂದು ಊರಿನಲ್ಲಿ ಗೊತ್ತಿರುವವಳು ಅವಳೊಬ್ಬಳೇ.

"ನನಗ ಅಕ್ಷರ ಬರೂದಿಲ್ಲ ಅಕ್ಕಾರ."

"ಅಕ್ಷರ ನಂಗೆ ಬರ್ತದೆ. ನಾನು ಹೇಳ್ದಂಗೆ ಹೊಡಿ. ಕವಡೆಗೆ ಗಂಟೆ, ಬೀಜಕ್ಕೆ ಕೊರಡು, ನಾನು ಪೊಳ್ಳು ಅಂದಾಗ ಕೊರಡು. ನಿನಗೆ ಬೈದಿದ್ದನ್ನ ಮನಸಲ್ಲಿ ಇಟ್ಕೋಬೇಡ ತಾಯಿ."

"ಅದನ್ನ ಯಾವಾಗೋ ಬಿಟ್ಟೀನ್ರಿ. ಹೇಳ್ರಿ ನೀವು."

ನಾನು ಹಲಗೆಯ ಮೇಲೆ ಬೆರಳಿಟ್ಟು ಒಂದೊಂದೇ ಹೇಳುತ್ತ ಹೋದೆ. ಬಾಗಿಲು ತೆರೆದೇ ಇತ್ತು, ನೇರವಾಗಿ ಹೆಸರಿನಿಂದಲೇ ಶುರು. ಐದು ಟಣ್ ಆದಾಗಲೆಲ್ಲ ಗಟ್ಟಿಯಾಗಿ "ಪೊಳ್ಳು" ಎಂದೆ. ಅವಳು ಕೊರಡಿಗೆ ಒಂದು ಹಾಕಿದಳು. ಆಗ ಅದು ನನಗೆ ಕೇಳಿಸಿತು. ನಲವತ್ತು ವರ್ಷ ಅದರ ನಡುವೆಯೇ ಬದುಕಿ, ಸಾವಿರಾರು ಸಲ ನಾನೇ ಹಾಕಿ, ಒಮ್ಮೆಯೂ ಕೇಳಿಸದೆ ಇದ್ದ ಸದ್ದು. ಬೇರೆ ಟಕ್‌ಗಳ ಹಾಗೆಯೇ ಇತ್ತು, ಒಂದು ಎಳ್ಳಿನಷ್ಟೂ ವ್ಯತ್ಯಾಸವಿಲ್ಲ. ಯಾರಿಗೂ ಏನನ್ನೂ ಹೇಳುವುದಿಲ್ಲ, ಆಚೆ ಮುಟ್ಟಿದ ಕೂಡಲೇ ಎಸೆಯುತ್ತಾರೆ. ಅದಿಲ್ಲದೆ ಮಾತ್ರ ಒಂದು ಹೆಸರೂ ಹಾಳಾಗದೆ ದಾಟುವುದಿಲ್ಲ.

ನೀಲಿ ಎನ್ನುವ ಹೆಸರಿನ ಕೊನೆ ಬಂತು. ಐದು ಟಣ್. "ಪೊಳ್ಳು" ಎಂದೆ. ಟಕ್. "ಬೀಜ" ಎಂದೆ. ಟಕ್. "ಬೀಜ, ಏಳರದ್ದು" ಎಂದೆ. ಟಕ್. ಮೂರು ಟಣ್. ಟಕ್‌ಗಳ ಸಾಲು. ಕೊನೆಯ ಆರು ಟಣ್ ಬಿದ್ದು ಬಾಗಿಲು ಮುಚ್ಚಿತು.

ಹೊತ್ತು ಇಳಿಯುವ ತನಕ ಯಾರೂ ಮನೆಗೆ ಹೋಗಲಿಲ್ಲ. ಹೋಟೆಲಿನವನು ಕಟ್ಟೆಗೇ ಟೀ ತಂದು ಹಂಚಿದ, ಯಾರೂ ಬಾಯಿಗಿಡಲಿಲ್ಲ. ನನ್ನ ಹತ್ತಿರ ಕೂತು ಮಾವ ಎಡಗೈಯಿಂದ ನನ್ನ ಬಲಗೈಯನ್ನು ಹಿಡಿದುಕೊಂಡಿದ್ದ. ಕೊನೆಗೆ ಆಚೆಯಿಂದ ಬಾಗಿಲು ತೆರೆದ ಸದ್ದು ಬಂತು. ನಾನು ಕವಡೆ, ಬೀಜ ಜೋಡಿಸುತ್ತ ಹೋದೆ. ಮೊದಲ ಸುದ್ದಿ ಹದಿನಾಲ್ಕೆಂದು ಬಂದಿತ್ತು. ಹನ್ನೊಂದು ಹನಿ ಚಮಚಕ್ಕೆ ಬಿದ್ದಿತ್ತು. ಏಳು ಟಣ್ ಕೇಳಿ ತಾಯಿಯ ಕೈ ನಿಂತಿತು. ಚೆಲ್ಲಿ, ತೊಳೆದು, ಏಳು ಕೊಟ್ಟೆವು. ಮಗು ಈಗ ನೀರು ಕೇಳಿತು. ಇಷ್ಟನ್ನು ನಾನು ಗಟ್ಟಿಯಾಗಿ ಓದಿದೆ. ಪಂಡಿತರು ಮಕ್ಕಳ ಹಾಗೆ ಅತ್ತುಬಿಟ್ಟರು.

ಅದಾಗಿ ಇಪ್ಪತ್ತಾರು ವರ್ಷವಾಯಿತು. ಅಂದಿನಿಂದ ನಾನು ಕೊಡತಿ ಮುಟ್ಟಿಲ್ಲ. ಗಂಟೆ ಬಾರಿಸುವವಳು ಮೋನವ್ವ. ಅಕ್ಷರವನ್ನೂ ಕಲಿತಳು, ಈಗ ನಾನು ಹೇಳಿಕೊಡಬೇಕಾದ್ದೇನೂ ಇಲ್ಲ. ಆದರೂ ದಿನಾ ಹೋಗಿ ಅವಳ ಪಕ್ಕದಲ್ಲಿ ಕೂರುತ್ತೇನೆ, ಐದಾದಾಗ ಪೊಳ್ಳು ಎನ್ನುತ್ತೇನೆ. ಬೇಡ ಎಂದು ಅವಳು ಒಮ್ಮೆಯೂ ಹೇಳಿಲ್ಲ.

ಎರಡು ವರ್ಷದಿಂದ ಆಚೆ ದಡದಲ್ಲೂ ಹೊಸ ಕೈ ಬಂದಿದೆ. ಚುರುಕಾದ ಕೈ, ಸ್ವಲ್ಪ ಜಂಬವೂ ಇರುವ ಹಾಗಿದೆ. ಪ್ರತಿ ಸುದ್ದಿಯ ಕೊನೆಯಲ್ಲಿ ತನ್ನ ಹೆಸರನ್ನು ಬಾರಿಸುತ್ತದೆ. ಆಗ ಊರಿನವರು ತಮ್ಮ ತಮ್ಮ ಕೆಲಸ ಮಾಡುತ್ತಲೇ ಐದು ಟಣ್, ಒಂದು ಟಕ್ ಕೇಳಿ, ಓ ನೀಲಿ ಎಂದುಕೊಳ್ಳುತ್ತಾರೆ. ಕಟ್ಟೆಯ ಮೇಲೆ ಮೋನವ್ವನೂ ನಾನೂ ಎರಡು ಟಕ್ ಕೇಳುತ್ತೇವೆ. ಮೊದಲನೆಯದು ಯಾರದ್ದೂ ಅಲ್ಲ. ಎರಡನೆಯದು ಅವಳದು.